ಸ್ಪ್ರಿಂಗ್ ಜೋರು ಮಾಡಿದ ಮೇಲೆ ಪೇಂಟ್‌ಬಾಲ್ ಗನ್ ತಾನಾಗಿಯೇ ಹಾರಿಸುತ್ತಿದೆ. ವಾಲ್ವ್ ಬಲ್ಲವರು ಸ್ವಲ್ಪ ಹೇಳಿ

ಮೈದಾನದ ಮಂಜ:
ಎಲ್ಲರಿಗೂ ನಮಸ್ಕಾರ. ಕನಕಪುರ ರಸ್ತೆ ಕಡೆ ಒಂದು ಸಣ್ಣ ಪೇಂಟ್‌ಬಾಲ್ ಮೈದಾನದಲ್ಲಿ ಗನ್ ನೋಡಿಕೊಳ್ಳುವ ಕೆಲಸ ನನ್ನದು. ಶನಿವಾರ, ಭಾನುವಾರ ಆಫೀಸಿನ ತಂಡಗಳು ಬರುತ್ತವೆ. ಉಳಿದ ದಿನ ಬಿಚ್ಚೋದು, ಒರೆಸೋದು, ಜೋಡಿಸೋದು. ಎಲ್ಲವೂ ಹಳೆಯ ಬ್ಲೋಬ್ಯಾಕ್ ಗನ್‌ಗಳು, ಅಂದರೆ ಗಾಳಿಯ ಒಂದು ಪಾಲಿನಿಂದಲೇ ಮುಂದಿನ ಗುಂಡಿಗೆ ಸಿದ್ಧವಾಗುವಂಥವು. ಕಂಪನಿ ಹೆಸರು ಬೇಡ. ಟಿಪ್‌ಮನ್ 98 ಅನ್ನೋ ಗನ್ ಬಿಚ್ಚಿದವರಿಗೆ ಒಳಗಿನ ಜೋಡಣೆ ಅರ್ಥವಾಗುತ್ತದೆ, ಅದೇ ಬಗೆ.

ಗುಂಡಿನ (ಬಣ್ಣ ತುಂಬಿದ ಉಂಡೆಯ) ವೇಗ ಸಾಲದು ಅಂತ ಓನರ್ ಎಲ್ಲಿಂದಲೋ "ಹೈ ಪವರ್" ಸ್ಪ್ರಿಂಗ್ ತರಿಸಿದರು. ಹಾಕಿದೆ. ಈಗ ಎರಡು ತೊಂದರೆ ಶುರುವಾಗಿದೆ. ಟ್ಯಾಂಕ್ ತುಂಬಿದ್ದಾಗ ಕ್ರೋನೋದಲ್ಲಿ (ಗುಂಡಿನ ವೇಗ ಅಳೆಯೋ ಯಂತ್ರ) 310, 315 ಎಫ್‌ಪಿಎಸ್ (ಸೆಕೆಂಡಿಗೆ ಅಷ್ಟು ಅಡಿ) ಬರುತ್ತಿದೆ. ಅದೇ ಟ್ಯಾಂಕಿನ ಗೇಜ್ 700 ಪಿಎಸ್‌ಐ (ಒತ್ತಡದ ಅಳತೆ) ಹತ್ತಿರ ಇಳಿದರೆ, ಒಂದು ಸಲ ಟ್ರಿಗರ್ ಒತ್ತಿದ್ದಕ್ಕೆ ನಾಲ್ಕೈದು ಗುಂಡು ಡರ್ರ್ ಅಂತ ಹೊರಟುಬಿಡುತ್ತವೆ. ಗಿರಾಕಿಗಳಿಗೆ ಖುಷಿ. ನನಗೆ ಎದೆ ಡವಡವ.

ಸ್ಪ್ರಿಂಗ್ ಜೋರಾದರೆ ಎಲ್ಲ ಇನ್ನೂ ಬಿಗಿಯಾಗಿ ನಡೀಬೇಕಲ್ವಾ? ಇದ್ಯಾಕೆ ಉಲ್ಟಾ?

ಸುಮ್ನೆ ಓದುಗ:
ಫ್ರೀಯಾಗಿ ಮಷಿನ್ ಗನ್ ಸಿಕ್ಕಿದೆ, ಬಿಡಿ ಗುರು.

ಮೈದಾನದ ಮಂಜ:
ನೀವೇ ಎದುರಿಗೆ ನಿಂತ್ಕೊಳ್ಳಿ ಗುರು, ನಾನು ಒತ್ತುತ್ತೇನೆ.

ಪಾಠದ ಮೇಡಂ:
ಮಂಜು ಅವರೇ, ಮೊದಲು 315ರ ವಿಷಯ. ಪೇಂಟ್‌ಬಾಲ್ ಆಟದಲ್ಲಿ ಎಲ್ಲ ಕಡೆ ಒಪ್ಪಿಕೊಂಡಿರುವ ಮೇಲಿನ ಮಿತಿ 300 ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಸುಮಾರು 91 ಮೀಟರ್. ಬಾಡಿಗೆ ಗನ್ ಕೊಡುವ ಬಹಳಷ್ಟು ಮೈದಾನಗಳು 280 ಅಥವಾ ಅದಕ್ಕೂ ಕೆಳಗೆ ಇಡುತ್ತವೆ. "ಹದಿನೈದೇ ತಾನೇ ಜಾಸ್ತಿ" ಅನ್ನಬೇಡಿ. ಗುಂಡಿನ ಶಕ್ತಿ ಏರುವುದು ವೇಗದ ವರ್ಗಕ್ಕೆ ತಕ್ಕಂತೆ. 280ಕ್ಕೆ ಹೋಲಿಸಿದರೆ 315ರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಶಕ್ತಿ ಇರುತ್ತದೆ. ಈ ಗನ್‌ಗಳನ್ನು ಸರಿಯಾಗುವ ತನಕ ಬಾಡಿಗೆಗೆ ಕೊಡಬೇಡಿ. ಓನರ್ ಕೇಳಿದರೆ ಈ ಪೋಸ್ಟ್ ತೋರಿಸಿ.

ಕಾರಣದ ಬಗ್ಗೆ ಸಂಜೆ ನಿಧಾನವಾಗಿ ಬರೆಯುತ್ತೇನೆ. ಅಷ್ಟರಲ್ಲಿ ಒಂದು ಪ್ರಶ್ನೆ. ಟ್ಯಾಂಕ್ ಗಾಳಿಯದ್ದೋ, ಸಿಓಟೂನೋ (ಕಾರ್ಬನ್ ಡೈಆಕ್ಸೈಡ್)?

ಮೈದಾನದ ಮಂಜ:
ಎರಡೂ ಇವೆ ಮೇಡಂ. ಹೊಸವು ಗಾಳಿ ಟ್ಯಾಂಕ್, 3000 ಪಿಎಸ್‌ಐ. ಹಳೇ ಸಿಓಟೂ ಸಿಲಿಂಡರ್ ಕೆಲವು ಉಳಿದಿವೆ. ಡರ್ರ್ ಅನ್ನೋದು ಗಾಳಿ ಟ್ಯಾಂಕಿನಲ್ಲಿ. ಸಿಓಟೂ ಹಾಕಿದಾಗ ಬೇರೆ ಕಥೆ. ಬೆಳಿಗ್ಗೆ ಒಂದು ವೇಗ, ಮಧ್ಯಾಹ್ನ ಇನ್ನೊಂದು.

ಡಲ್ಲಾಸ್ ಕನ್ನಡಿಗ:
ಇನ್ನೂ ಜೋರಾದ ಸ್ಪ್ರಿಂಗ್ ಹಾಕಿ ನೋಡಿ. ನನ್ನ ಹಳೇ ಪಂಪ್ ಗನ್ನಿಗೆ ಹಾಗೇ ಮಾಡಿದ್ದೆ, ಚೆನ್ನಾಗಿ ನಡೀತಿತ್ತು.

ಪಾಠದ ಮೇಡಂ:
ಅದು ಪಂಪ್ ಗನ್ ಸರ್. ಅಲ್ಲಿ ಸ್ಪ್ರಿಂಗನ್ನು ಹಿಂದಕ್ಕೆ ಎಳೆಯೋದು ನಿಮ್ಮ ಕೈ. ಇಲ್ಲಿ ಆ ಕೆಲಸವನ್ನೂ ಗಾಳಿಯೇ ಮಾಡಬೇಕು. ಗಂಟು ಇರೋದೇ ಅಲ್ಲಿ.

ಈಗ ಮೊದಲಿನಿಂದ ಹೇಳುತ್ತೇನೆ. ಉದ್ದವಾದರೆ ಬೈಯಬೇಡಿ.

ಬೈಕ್ ಟೈರಿನ ವಾಲ್ವ್ ಪಿನ್ ನೋಡಿದ್ದೀರಲ್ವಾ? ಒಳಗಿನ ಗಾಳಿಯೇ ಅದನ್ನು ಒತ್ತಿ ಮುಚ್ಚಿರುತ್ತದೆ. ಜೊತೆಗೆ ಒಂದು ಪುಟಾಣಿ ಸ್ಪ್ರಿಂಗ್. ಉಗುರಿನಿಂದ ಪಿನ್ ಒತ್ತಿದರೆ ಬುಸ್ ಅಂತ ಗಾಳಿ ಬರುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ನಿಮ್ಮ ಗನ್ನಿನ ಪಾಪೆಟ್ ವಾಲ್ವ್ ಇದೇ ಜಾತಿ. ಒಳಗೆ ಒಂದು ಚಿಕ್ಕ ಕೋಣೆ, ಅದರಲ್ಲಿ ಟ್ಯಾಂಕಿನಿಂದ ಬಂದ ಗಾಳಿ. ಕೋಣೆಯ ಬಾಯಿಗೆ ಒಂದು ಸೀಟು, ಸೀಟಿನ ಮೇಲೆ ಕೂರುವ ಕಪ್ ಸೀಲ್, ಅದರಿಂದ ಹಿಂದಕ್ಕೆ ಚಾಚಿದ ಒಂದು ಪಿನ್. ಕಪ್ ಸೀಲನ್ನು ಒತ್ತಿ ಹಿಡಿಯಲು ವಾಲ್ವ್ ಸ್ಪ್ರಿಂಗ್.

ಎಷ್ಟು ಒತ್ತಡ ಅಂತ ಲೆಕ್ಕ ಹಾಕೋಣ. ಸೀಟಿನ ವ್ಯಾಸ 8 ಮಿ.ಮೀ ಅಂತ ಇಟ್ಟುಕೊಳ್ಳಿ, ಇದು ಉದಾಹರಣೆಗೆ ಮಾತ್ರ. ಒಳಗೆ 850 ಪಿಎಸ್‌ಐ ಇದ್ದರೆ ಕಪ್ ಸೀಲಿನ ಮೇಲೆ ಬೀಳುವ ಬಲ ಹತ್ತಿರ ಹತ್ತಿರ 30 ಕೆಜಿ ತೂಕದಷ್ಟು. ಬೆರಳಿನಷ್ಟು ಜಾಗದ ಮೇಲೆ ಒಂದು ಅಕ್ಕಿ ಮೂಟೆ! ವಾಲ್ವ್ ಸ್ಪ್ರಿಂಗನ್ನು ನೀವು ಎರಡು ಬೆರಳಲ್ಲಿ ಹಿಚುಕಬಹುದು. ಹಾಗಾದರೆ ವಾಲ್ವ್ ಮುಚ್ಚುವ ದೊಡ್ಡ ಕೆಲಸ ಮಾಡ್ತಿರೋದು ಯಾರು? ಗಾಳಿ.

ಈ ಭಾರದ ವಿರುದ್ಧ ಪಿನ್ನನ್ನು ತಳ್ಳಲು ಸುಮ್ಮನೆ ಒತ್ತಿದರೆ ಆಗದು, ಹೊಡೆಯಬೇಕು. ಹೊಡೆಯೋದು ಹ್ಯಾಮರ್. ನಿಮ್ಮ ಗನ್ನಿನಲ್ಲಿ ಅದಕ್ಕೆ ರೇರ್ ಬೋಲ್ಟ್ ಅಂತಾರೆ. ಅದರ ಹಿಂದಿರುವ ಉದ್ದನೆಯ ಸ್ಪ್ರಿಂಗ್ ಮೇನ್ ಸ್ಪ್ರಿಂಗ್. ಟ್ರಿಗರ್ ಒತ್ತಿದರೆ ಸಿಯರ್ ಕೊಕ್ಕೆ ಬಿಡುತ್ತದೆ, ರೇರ್ ಬೋಲ್ಟ್ ಮುಂದೆ ನುಗ್ಗಿ ಪಿನ್ನಿಗೆ ಬಡಿಯುತ್ತದೆ, ವಾಲ್ವ್ ಕ್ಷಣ ಮಾತ್ರ ತೆರೆಯುತ್ತದೆ. ಎಷ್ಟು ಹೊತ್ತು ತೆರೆದಿರುತ್ತದೆ ಅನ್ನೋದೇ ಗುಂಡಿನ ವೇಗ ಎಷ್ಟು ಅನ್ನೋದನ್ನು ಹೇಳುತ್ತದೆ. ಹೊಡೆತ ಜೋರಾದರೆ ಹೆಚ್ಚು ಹೊತ್ತು. ಒಳಗಿನ ಒತ್ತಡ ಜಾಸ್ತಿ ಇದ್ದರೆ ಕಡಿಮೆ ಹೊತ್ತು, ಆದರೆ ಆ ಹೊತ್ತಿನಲ್ಲಿ ನುಗ್ಗುವ ಗಾಳಿ ದಟ್ಟ. ವಾಲ್ವ್ ಸ್ಪ್ರಿಂಗ್ ಗಟ್ಟಿಯಾದರೆ ಬೇಗ ಮುಚ್ಚುತ್ತದೆ.

ಕೂರ್ಗ್ ಹುಡುಗಿ:
ಮೇಡಂ, ನಾನು ಇಷ್ಟು ದಿನ ಆ ದೊಡ್ಡ ಸ್ಪ್ರಿಂಗೇ ಗುಂಡನ್ನು ತಳ್ಳುತ್ತೆ ಅಂದ್ಕೊಂಡಿದ್ದೆ. ಬೋಲ್ಟ್ ಮುಂದೆ ಬಂದು ಗುಂಡಿಗೆ ತಾಗುತ್ತಲ್ಲ?

ಪಾಠದ ಮೇಡಂ:
ರೇರ್ ಬೋಲ್ಟಿಗೆ ಜೋಡಿಸಿದ ಮುಂದಿನ ಬೋಲ್ಟ್ ತಾಗುತ್ತಮ್ಮ. ಆದರೆ ಗುಂಡನ್ನು ಬ್ಯಾರಲಿನ ಬಾಯಿಗೆ ಸರಿಸಿ ಕೂರಿಸಲು ಅಷ್ಟೇ. ಎಸೆಯೋದು ಗಾಳಿ. ಲೆಕ್ಕ ನೋಡು. .68 ಕ್ಯಾಲಿಬರ್ (0.68 ಇಂಚು ವ್ಯಾಸದ) ಗುಂಡು ಸುಮಾರು 3 ಗ್ರಾಂ. 280 ಎಫ್‌ಪಿಎಸ್‌ನಲ್ಲಿ ಹೊರಟರೆ ಅದರ ಹತ್ತಿರ 11 ಜೂಲ್‌ಗೆ ಸ್ವಲ್ಪ ಕಡಿಮೆ ಶಕ್ತಿ ಇರುತ್ತದೆ.

ಈಗ ಒಂದು ಸ್ಪ್ರಿಂಗ್ ಊಹಿಸಿಕೋ. ಒಂದು ಮಿ.ಮೀ ಒತ್ತಲು 1 ನ್ಯೂಟನ್ ಬಲ ಬೇಕು. ಗನ್ನಿನೊಳಗೆ ಕೂತಾಗಲೇ 10 ಮಿ.ಮೀ ಒತ್ತಿರುತ್ತದೆ, ಕಾಕ್ ಮಾಡಿದಾಗ, ಅಂದರೆ ರೇರ್ ಬೋಲ್ಟನ್ನು ಹಿಂದಕ್ಕೆಳೆದು ಸಿಯರ್‌ಗೆ ಸಿಕ್ಕಿಸಿದಾಗ, 40 ಮಿ.ಮೀ. ಬಿಟ್ಟಾಗ ಅದು ಕೊಡುವ ಶಕ್ತಿ 40ರ ವರ್ಗದಿಂದ 10ರ ವರ್ಗ ಕಳೆದು ಅರ್ಧ ಮಾಡಿದಷ್ಟು, ಅಂದರೆ 0.75 ಜೂಲ್. ಮುಕ್ಕಾಲು ಜೂಲ್ ಕೊಟ್ಟು ಹನ್ನೊಂದು ಜೂಲ್ ಎಬ್ಬಿಸಲು ಸ್ಪ್ರಿಂಗಿಗೆ ಎಲ್ಲಿಂದ ಸಾಧ್ಯ? ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿಗೆ ಸ್ಪ್ರಿಂಗ್ ಬಾಗಿಲು ತೆಗೆದುಕೊಡುತ್ತದೆ.

ಅದೇ ಸ್ಪ್ರಿಂಗನ್ನು ಹಿಂದಿನ ಸ್ಕ್ರೂನಿಂದ ಇನ್ನು 2 ಮಿ.ಮೀ ಒತ್ತಿ ಕೂರಿಸಿದರೆ 0.75 ಇದ್ದದ್ದು 0.81 ಆಗುತ್ತದೆ. ನೂರಕ್ಕೆ ಎಂಟು ಜಾಸ್ತಿ. ಬಹಳಷ್ಟು ಗನ್‌ಗಳಲ್ಲಿ ವೇಗ ಹೆಚ್ಚು ಕಡಿಮೆ ಮಾಡುವ ಸ್ಕ್ರೂ ಮಾಡೋದು ಇಷ್ಟೇ.

ಡಲ್ಲಾಸ್ ಕನ್ನಡಿಗ:
ಒಂದು ಸೇರಿಸ್ತೀನಿ. ಟಿಪ್‌ಮನ್ 98 ಕಸ್ಟಮ್‌ನಲ್ಲಿ ಆ ಸ್ಕ್ರೂ ಸ್ಪ್ರಿಂಗನ್ನು ಮುಟ್ಟೋದೇ ಇಲ್ಲ. ಪಕ್ಕದಲ್ಲಿರುತ್ತೆ, ಗಾಳಿ ಹೋಗೋ ದಾರಿಯನ್ನು ಕಿರಿದು ಮಾಡುತ್ತೆ. ಒಳಕ್ಕೆ ತಿರುಗಿಸಿದರೆ ವೇಗ ಇಳಿಯುತ್ತೆ, ಹೊರಕ್ಕೆ ತಿರುಗಿಸಿದರೆ ಏರುತ್ತೆ. ಸ್ಪ್ರಿಂಗ್ ಒತ್ತೋ ಸ್ಕ್ರೂ ಇರೋ ಗನ್‌ಗಳಲ್ಲಿ ಇದು ತಿರುಗುಮುರುಗು. ಮಂಜ ಅವರೇ, ವೇಗ ಸಾಲದು ಅಂದಾಗ ಆ ಸ್ಕ್ರೂ ಎಲ್ಲಿತ್ತು ಅಂತ ಯಾರಾದರೂ ನೋಡಿದ್ರಾ?

ಮೈದಾನದ ಮಂಜ:
ಓನರ್ ಸ್ಪ್ರಿಂಗ್ ತರಿಸಿದ ಮೇಲೇ ನನ್ನ ಕೈಗೆ ಬಂದಿದ್ದು ಅಣ್ಣ. ಈಗ ನೋಡಿದೆ. ಎರಡು ಗನ್‌ನಲ್ಲಿ ಪೂರ್ತಿ ಒಳಗೆ ತಿರುಗಿಸಿಟ್ಟಿದ್ದಾರೆ! ಯಾರೋ "ಬಿಗಿ ಮಾಡಿದರೆ ಪವರ್" ಅಂದ್ಕೊಂಡಿರಬೇಕು.

ಸುಮ್ನೆ ಓದುಗ:
ನಲ್ಲಿ ಮುಚ್ಚಿಟ್ಟು ಮೋಟಾರ್ ದೊಡ್ಡದು ತಂದಿದ್ದಾರೆ ನಿಮ್ಮ ಓನರ್.

ಪಾಠದ ಮೇಡಂ:
ಈಗ ಡರ್ರ್ ವಿಷಯ.

ಬ್ಲೋಬ್ಯಾಕ್ ಗನ್ನಿನಲ್ಲಿ ವಾಲ್ವ್ ತೆರೆದಾಗ ಗಾಳಿ ಎರಡು ಕಡೆ ಹೋಗುತ್ತದೆ. ಒಂದು ಪಾಲು ಮುಂದೆ, ಪವರ್ ಟ್ಯೂಬ್ ಹಾದು ಬೋಲ್ಟ್ ಮೂಲಕ ಗುಂಡಿನ ಬೆನ್ನಿಗೆ. ಇನ್ನೊಂದು ಪಾಲು ಹಿಂದೆ, ರೇರ್ ಬೋಲ್ಟಿನ ಮುಖಕ್ಕೆ. ಈ ಎರಡನೇ ಪಾಲು ರೇರ್ ಬೋಲ್ಟನ್ನು ಮೇನ್ ಸ್ಪ್ರಿಂಗ್ ವಿರುದ್ಧ ಹಿಂದಕ್ಕೆ ತಳ್ಳಬೇಕು, ಸಿಯರ್ ಕೊಕ್ಕೆ ದಾಟುವಷ್ಟು. ದಾಟಿದರೆ ಸಿಯರ್ ಹಿಡಿದುಕೊಳ್ಳುತ್ತದೆ, ಗನ್ ಮುಂದಿನ ಗುಂಡಿಗೆ ಸಿದ್ಧ. ನೀವು ಟ್ರಿಗರ್ ಒತ್ತಿ ಹಿಡಿದೇ ಇದ್ದರೂ ಸಿಯರ್ ಜಾರಿ ತನ್ನ ಜಾಗಕ್ಕೆ ಬಂದು ಕಾಯುತ್ತಿರುತ್ತದೆ. ಆದ್ದರಿಂದಲೇ ಅದು ಸೆಮಿ ಆಟೋ, ಒಂದು ಒತ್ತಿಗೆ ಒಂದೇ ಗುಂಡು.

ಟ್ಯಾಂಕಿನ ರೆಗ್ಯುಲೇಟರ್ (ಒತ್ತಡ ಇಳಿಸಿ ಕೊಡುವ ಭಾಗ) ಹೊರಗೆ ಬಿಡುವುದು ಸುಮಾರು 800ರಿಂದ 850 ಪಿಎಸ್‌ಐ. ಟ್ಯಾಂಕಿನೊಳಗೆ 3000 ಇರಲಿ, 1500 ಇರಲಿ, ಗನ್ನಿಗೆ ಅದೇ 850. ಹಾಗಾಗಿ ಅಲ್ಲಿವರೆಗೆ ಎಲ್ಲ ಚೆನ್ನಾಗಿರುತ್ತದೆ. ಒಳಗಿನ ಒತ್ತಡವೇ 850ರ ಕೆಳಗೆ ಹೋದರೆ ರೆಗ್ಯುಲೇಟರ್ ಏನು ಮಾಡೀತು? ಇದ್ದಷ್ಟನ್ನೇ ಕಳಿಸುತ್ತದೆ. ನಿಮ್ಮ 700 ಅಲ್ಲೇ ಬಂತು ನೋಡಿ. ಆಗ ಹಿಂದಕ್ಕೆ ತಳ್ಳುವ ಗಾಳಿ ದುರ್ಬಲ, ಎದುರಿಗೆ ಹೊಸ ದಪ್ಪ ಸ್ಪ್ರಿಂಗ್. ರೇರ್ ಬೋಲ್ಟ್ ಅರ್ಧ ದಾರಿ ಹೋಗುತ್ತದೆ, ಸಿಯರ್ ಹತ್ತಿರ ಮುಟ್ಟಲ್ಲ, ಸ್ಪ್ರಿಂಗ್ ವಾಪಸ್ ನೂಕುತ್ತದೆ. ಮತ್ತೆ ಪಿನ್ನಿಗೆ ಬಡಿತ, ಮತ್ತೆ ಸ್ವಲ್ಪ ಗಾಳಿ, ಮತ್ತೆ ಅರ್ಧ ದಾರಿ. ಹಿಡಿಯುವವರೇ ಇಲ್ಲ. ಅದೇ ಡರ್ರ್.

ಮೇನ್ ಸ್ಪ್ರಿಂಗ್‌ಗೆ ಎರಡು ಕೆಲಸ. ಹೋಗುವಾಗ ವಾಲ್ವ್ ತೆಗೆಯೋದು, ಬರುವಾಗ ಅಡ್ಡ ನಿಲ್ಲೋದು. ಸ್ಪ್ರಿಂಗ್ ಮಾರುವವರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ.

ತುಮಕೂರು ಟೆಕ್ಕಿ:
ಒಂದು ಅನುಮಾನ. ಸ್ಪ್ರಿಂಗ್ ಜೋರಾದರೆ ವಾಲ್ವ್ ಹೆಚ್ಚು ಹೊತ್ತು ತೆರೆದಿರುತ್ತೆ ಅಂದ್ರಿ. ಹಾಗಾದರೆ ಹಿಂದಕ್ಕೆ ತಳ್ಳೋ ಗಾಳಿಯೂ ಜಾಸ್ತಿ ಆಗಬೇಕಲ್ವಾ? ಎರಡೂ ಸಮ ಆಗಿಬಿಡಬೇಕು.

ಪಾಠದ ಮೇಡಂ:
ಒಳ್ಳೆ ಪ್ರಶ್ನೆ. ಪೂರ್ತಿ ಒತ್ತಡ ಇರುವಾಗ ಹಾಗೇ ಆಗುತ್ತದೆ. ಜಾಸ್ತಿ ಗಾಳಿ ಬರುತ್ತದೆ, ದಪ್ಪ ಸ್ಪ್ರಿಂಗನ್ನೂ ತಳ್ಳಿಬಿಡುತ್ತದೆ. ಅದಕ್ಕೇ ಮಂಜು ಅವರಿಗೆ ತುಂಬಿದ ಟ್ಯಾಂಕಿನಲ್ಲಿ ಡರ್ರ್ ಬಂದಿಲ್ಲ, ವೇಗ ಮಾತ್ರ ಏರಿದೆ. ಒತ್ತಡ ಇಳಿದಂತೆ ಗಾಳಿಯ ತಳ್ಳು ಕಡಿಮೆಯಾಗುತ್ತಾ ಹೋಗುತ್ತದೆ, ಸ್ಪ್ರಿಂಗಿನ ಅಡ್ಡಿ ಮಾತ್ರ ಹಾಗೇ ಇರುತ್ತದೆ. ಎಲ್ಲೋ ಒಂದು ಕಡೆ ಗಾಳಿ ಸೋಲುತ್ತದೆ. ಮೆತ್ತನೆ ಸ್ಪ್ರಿಂಗ್ ಇದ್ದಾಗ ಆ ಸೋಲು ಇನ್ನೂ ಕೆಳಗಿನ ಒತ್ತಡದಲ್ಲಿ ಬರುತ್ತಿತ್ತು, ಅಷ್ಟರಲ್ಲಿ ಟ್ಯಾಂಕ್ ಬದಲಾಯಿಸಿರುತ್ತಿದ್ದರು. ಈಗ ಅದು ಮೇಲಕ್ಕೆ, ಆಟದ ನಡುವೆಯೇ ಬರುತ್ತಿದೆ.

ಇನ್ನೊಂದು ಕಾರಣವನ್ನೂ ತಳ್ಳಿಹಾಕಬೇಡಿ. ರೇರ್ ಬೋಲ್ಟಿನಲ್ಲಿ ಒಂದು ಓರಿಂಗ್, ಅಂದರೆ ರಬ್ಬರ್ ಉಂಗುರ, ಇರುತ್ತದೆ. ಹಿಂದಕ್ಕೆ ತಳ್ಳುವ ಗಾಳಿ ಸೋರಿ ಹೋಗದಂತೆ ತಡೆಯೋದು ಅದೇ. ಅದು ಸವೆದಿದ್ದರೆ, ಒಣಗಿದ್ದರೆ, ತಳ್ಳು ಅರ್ಧಕ್ಕರ್ಧ ಸಂದಿಯಲ್ಲೇ ಹೋಯ್ತು. ಹಳೇ ಬಾಡಿಗೆ ಗನ್‌ನಲ್ಲಿ ನಾನು ಮೊದಲು ಕೈ ಹಾಕುವುದೇ ಅಲ್ಲಿಗೆ. ಸಿಯರ್ ಅಂಚು ಉರುಟಾಗಿದ್ದರೂ, ಸಿಯರ್ ಸ್ಪ್ರಿಂಗ್ ಸೋತಿದ್ದರೂ ಇದೇ ಲಕ್ಷಣ ಬರುತ್ತದೆ. ಆದರೆ ಆಗ ತುಂಬಿದ ಟ್ಯಾಂಕಿನಲ್ಲೂ ಡರ್ರ್ ಬರುತ್ತದೆ.

ಪೀಣ್ಯ ಲೇತ್:
ಸ್ಪ್ರಿಂಗ್ ಅಂದಿದ್ದಕ್ಕೆ ಬಂದೆ. ಪೇಂಟ್‌ಬಾಲ್ ಆಡಿದವನಲ್ಲ. ಪೀಣ್ಯದಲ್ಲಿ ಸ್ಪ್ರಿಂಗ್ ಸುತ್ತುವ ಯೂನಿಟ್‌ನಲ್ಲಿ ಕೆಲಸ.

ಎರಡು ಸ್ಪ್ರಿಂಗನ್ನೂ ಪಕ್ಕಪಕ್ಕ ಇಟ್ಟು ತಂತಿಯ ದಪ್ಪ ಅಳೆಯಿರಿ, ವರ್ನಿಯರ್ ಸಾಕು. ಕಣ್ಣಿಗೆ ಒಂದೇ ತರಹ ಕಾಣುತ್ತೆ, ಆದರೆ ಗಡಸುತನ ಏರೋದು ತಂತಿ ದಪ್ಪದ ನಾಲ್ಕನೇ ಘಾತಕ್ಕೆ. 1.2 ಮಿ.ಮೀ ತಂತಿ ಬದಲು 1.3 ಹಾಕಿದರೆ, ಉಳಿದದ್ದೆಲ್ಲ ಒಂದೇ ಇದ್ದರೂ ಸ್ಪ್ರಿಂಗ್ ನೂರಕ್ಕೆ 37, 38 ಭಾಗ ಗಡಸಾಗುತ್ತೆ. ಕೂದಲೆಳೆ ವ್ಯತ್ಯಾಸ, ಪರಿಣಾಮ ದೊಡ್ಡದು. ಸುರುಳಿಯ ಅಗಲ ಹೆಚ್ಚಾದರೆ ಮೆತ್ತಗಾಗುತ್ತೆ, ಅದು ಮೂರನೇ ಘಾತ.

ಇನ್ನೊಂದು, ಯಾರೂ ಕೇಳಿಲ್ಲ ಆದ್ರೂ ಹೇಳ್ತೀನಿ. ದಯವಿಟ್ಟು ಕಟಿಂಗ್ ಪ್ಲೇಯರ್ ತಗೊಂಡು ಸುತ್ತು ಕತ್ತರಿಸಬೇಡಿ. ಕತ್ತರಿಸಿದರೆ ಮೆತ್ತಗಾಗುತ್ತೆ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಗಡಸಾಗುತ್ತೆ! ಕೆಲಸ ಮಾಡುವ ಹತ್ತು ಸುತ್ತಲ್ಲಿ ಒಂದು ತೆಗೆದರೆ ಉಳಿದ ಒಂಬತ್ತು ಸುತ್ತಿನ ಸ್ಪ್ರಿಂಗ್ ನೂರಕ್ಕೆ ಹನ್ನೊಂದು ಭಾಗ ಗಡಸು. ಉದ್ದ ಕಡಿಮೆ ಆಗಿ ಕೂರಿಸಿದಾಗಿನ ಒತ್ತು ಹೋಗಿರುತ್ತೆ, ಅದಕ್ಕೇ ಮೆತ್ತಗಾಯ್ತು ಅನ್ನಿಸೋದು. ಜೊತೆಗೆ ಕತ್ತರಿಸಿದ ತುದಿ ಚಪ್ಪಟೆ ಇರಲ್ಲ. ಓರೆಯಾಗಿ ಕೂತು ಪಕ್ಕಕ್ಕೆ ಉಜ್ಜುತ್ತೆ. ಎಳೆದು ಉದ್ದ ಮಾಡೋದು ಇನ್ನೂ ಕೆಟ್ಟದ್ದು. ನಾಲ್ಕು ದಿನ ಉದ್ದ ಇರುತ್ತೆ, ಆಮೇಲೆ ಕುಗ್ಗುತ್ತೆ.

ಹೊಸ ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಸುತ್ತುಗಳು ಒಂದಕ್ಕೊಂದು ಮುಟ್ಟುತ್ತಾ ಅಂತಲೂ ನೋಡಿ. ಮುಟ್ಟಿದರೆ ಅದು ಸ್ಪ್ರಿಂಗ್ ಅಲ್ಲ, ಕಬ್ಬಿಣದ ಪೈಪು. ಬೋಲ್ಟ್ ಸಿಯರ್ ತನಕ ಹೋಗೋಕೆ ಜಾಗವೇ ಇರಲ್ಲ.

ಮೈದಾನದ ಮಂಜ:
ಅಳೆದೆ ಸರ್. ಹಳೇದು 1.2, ಹೊಸದು 1.3 ಚಿಲ್ಲರೆ. ನೀವು ಬಂದು ನೋಡಿದ ಹಾಗೇ ಹೇಳಿದ್ರಿ. ಸುತ್ತು ಮುಟ್ಟುತ್ತಿಲ್ಲ.

ಡಲ್ಲಾಸ್ ಕನ್ನಡಿಗ:
ಮೇಡಂ ಹೇಳಿದ ಮೇಲೆ ನನ್ನ ಇನ್ನೊಂದು ಗನ್ ಆಟೋಕಾಕರ್ ಯಾಕೆ ಹೀಗೆ ಮಾಡಲ್ಲ ಅಂತ ಹೊಳೀತು. ಅದೂ ಪಾಪೆಟ್ ವಾಲ್ವೇ, ಹ್ಯಾಮರ್ರೂ ಇದೆ, ಮೇನ್ ಸ್ಪ್ರಿಂಗೂ ಇದೆ. ಆದರೆ ಹಿಂದಕ್ಕೆ ಎಳೆಯೋ ಕೆಲಸ ಮುಂಭಾಗದಲ್ಲಿರೋ, ಗಾಳಿಯಿಂದ ನಡೆಯೋ ಪಿಸ್ಟನ್ನಿನಂಥ ಒಂದು ಪುಟ್ಟ ರ್‍ಯಾಮ್‌ದು. ಅದಕ್ಕೆ ಬೇರೆಯದೇ ಲೋ ಪ್ರೆಷರ್ ರೆಗ್ಯುಲೇಟರ್. ಗುಂಡು ಹಾರಿಸುವ ಗಾಳಿ ಬೇರೆ, ಕಾಕ್ ಮಾಡುವ ಗಾಳಿ ಬೇರೆ. ಸ್ಪ್ರಿಂಗ್ ದಪ್ಪ ಹಾಕಿದರೆ ರ್‍ಯಾಮ್‌ಗೆ ಒತ್ತಡ ಜಾಸ್ತಿ ಕೊಡಬೇಕು, ಇಲ್ಲದಿದ್ದರೆ ಕಾಕ್ ಆಗಲ್ಲ.

ಅದರಲ್ಲಿ ಸ್ವೀಟ್ ಸ್ಪಾಟ್ ಹುಡುಕೋದು ಅಂತ ಒಂದು ಆಟ ಇದೆ. ಸ್ಪ್ರಿಂಗ್ ಮುಟ್ಟದೆ ಗನ್ನಿಗೆ ಹೋಗೋ ಒತ್ತಡವನ್ನು ಮಾತ್ರ ಕೆಳಗಿನಿಂದ ಸ್ವಲ್ಪ ಸ್ವಲ್ಪ ಏರಿಸುತ್ತಾ ಕ್ರೋನೋ ನೋಡ್ತಾ ಹೋಗಬೇಕು. ವೇಗ ಏರುತ್ತೆ, ಏರುತ್ತೆ, ಒಂದು ಕಡೆ ನಿಲ್ಲುತ್ತೆ. ಇನ್ನೂ ಏರಿಸಿದರೆ ಇಳಿಯೋಕೆ ಶುರು! ಮೊದಲ ಸಲ ನೋಡಿದವರು ಕ್ರೋನೋ ಕೆಟ್ಟಿದೆ ಅಂತಾರೆ. ಒತ್ತಡ ಜಾಸ್ತಿಯಾಗಿ ಹ್ಯಾಮರ್‌ಗೆ ವಾಲ್ವ್ ತೆಗೆಯೋಕೇ ಕಷ್ಟ ಆಗ್ತಿರುತ್ತೆ. ಆ ತುದಿಯ ಹತ್ತಿರ ಇಟ್ಟರೆ ರೆಗ್ಯುಲೇಟರ್ ಸ್ವಲ್ಪ ಅಲ್ಲಾಡಿದರೂ ವೇಗ ಜಾಸ್ತಿ ಅಲ್ಲಾಡಲ್ಲ.

ಕೂರ್ಗ್ ಹುಡುಗಿ:
ಒತ್ತಡ ಜಾಸ್ತಿ ಮಾಡಿದರೆ ವೇಗ ಇಳಿಯುತ್ತೆ ಅನ್ನೋದು ಓದೋಕೆ ಮಜಾ ಇದೆ. ನಮ್ಮ ಫಿಸಿಕ್ಸ್ ಕ್ಲಾಸಲ್ಲಿ ಇದನ್ನು ಹೇಳಿದ್ದರೆ ಕಣ್ಣು ಬಿಟ್ಕೊಂಡು ಕೂರ್ತಿದ್ವಿ.

ತುಮಕೂರು ಟೆಕ್ಕಿ:
ಇವತ್ತಿನ ಎಲೆಕ್ಟ್ರಾನಿಕ್ ಗನ್‌ಗಳಲ್ಲಿ ಈ ಹ್ಯಾಮರ್ ಗೋಳೇ ಇಲ್ವಲ್ಲ?

ಡಲ್ಲಾಸ್ ಕನ್ನಡಿಗ:
ಸ್ಪೂಲ್ ವಾಲ್ವ್ ಗನ್‌ಗಳಲ್ಲಿ ಇಲ್ಲ. ಅಲ್ಲಿ ಬೋಲ್ಟೇ ವಾಲ್ವ್. ಒಂದು ಕೋಣೆಯಲ್ಲಿ ಗಾಳಿ ತುಂಬಿಟ್ಟಿರುತ್ತೆ, ಬೋಲ್ಟ್ ಮುಂದಕ್ಕೆ ಜಾರಿದಾಗ ಅದರ ಓರಿಂಗ್ ರಂಧ್ರ ದಾಟುತ್ತೆ, ಕೋಣೆ ಖಾಲಿ. ವೇಗ ನಿರ್ಧಾರ ಆಗೋದು ಕೋಣೆ ಎಷ್ಟು ದೊಡ್ಡದು, ಒತ್ತಡ ಎಷ್ಟು ಅನ್ನೋದರ ಮೇಲೆ. ಬಡಿತ ಇಲ್ಲ, ಹಾಗಾಗಿ ಕೈಗೆ ಮೆತ್ತಗೆ. ಸಾಮಾನ್ಯವಾಗಿ ಪಾಪೆಟ್‌ಗಿಂತ ಗಾಳಿ ಜಾಸ್ತಿ ತಿನ್ನುತ್ತೆ, ಓರಿಂಗ್‌ಗಳೂ ಜಾಸ್ತಿ, ಗ್ರೀಸ್ ತಪ್ಪಿಸೋ ಹಾಗಿಲ್ಲ. ಪ್ಲಾನೆಟ್ ಎಕ್ಲಿಪ್ಸ್ ಇಮೆಕ್‌ನಲ್ಲಿ ಬ್ಯಾಟರಿಯೇ ಇಲ್ಲ, ಆದರೂ ಸ್ಪೂಲ್. ಹಾಗಾಗಿ ಸ್ಪೂಲ್ ಅಂದರೆ ಎಲೆಕ್ಟ್ರಾನಿಕ್ ಅಂತೇನಿಲ್ಲ. ಎಲೆಕ್ಟ್ರಾನಿಕ್ ಪಾಪೆಟ್ ಗನ್‌ಗಳೂ ಇವೆ, ಅದೇ ಕಂಪನಿಯ ಈಗೋ ತರಹದ್ದು.

ಬಾಡಿಗೆ ಮೈದಾನಕ್ಕೆ ಬ್ಲೋಬ್ಯಾಕೇ ಸರಿ ಅನ್ನೋದು ನನ್ನ ಅಭಿಪ್ರಾಯ. ಕೆಸರಲ್ಲಿ ಬಿದ್ದರೂ ಒರೆಸಿ ಹಾರಿಸಬಹುದು.

ಪಾಠದ ಮೇಡಂ:
ಒಪ್ಪಿದೆ. ಆಟೋಮ್ಯಾಗ್ ಬಗ್ಗೆಯೂ ಎರಡು ಮಾತು ಹೇಳಬೇಕೆನ್ನಿಸುತ್ತೆ, ನನಗೆ ಇಷ್ಟವಾದ ಗನ್. ಟಾಮ್ ಕೇ ಅವರ ಏರ್‌ಗನ್ ಡಿಸೈನ್ಸ್‌ನದು. ಅದರಲ್ಲಿ ಸ್ಪ್ರಿಂಗಿನ ಪಾತ್ರ ತಲೆಕೆಳಗು. ಬೋಲ್ಟನ್ನು ಮುಂದೆ ತಳ್ಳೋದೇ ಗಾಳಿ, ಸಿಯರ್ ಅದನ್ನು ಗಾಳಿಯ ವಿರುದ್ಧ ಹಿಡಿದಿರುತ್ತದೆ. ಗಾಳಿ ಖಾಲಿಯಾದ ಮೇಲೆ ಬೋಲ್ಟನ್ನು ಮನೆಗೆ ಕರೆತರೋದು ಸ್ಪ್ರಿಂಗ್. ಟ್ರಿಗರ್ ಒತ್ತಿದ ಕೂಡಲೇ ಆನ್ ಆಫ್ ವಾಲ್ವ್ ಹೊಸ ಗಾಳಿಯನ್ನು ತಡೆದು ನಿಲ್ಲಿಸುತ್ತದೆ. ಅಲ್ಲಿ ವೇಗ ಬೇಕಾದರೆ ರೆಗ್ಯುಲೇಟರ್ ಮುಟ್ಟಬೇಕು.

ಮೈದಾನದ ಮಂಜ:
ಸಿಓಟೂ ಕಥೆ ಹೇಳ್ತೀರಾ ಮೇಡಂ? ಅದೇ ಗನ್, ಅದೇ ಸ್ಕ್ರೂ, ಬೆಳಿಗ್ಗೆ 270 ಇದ್ದದ್ದು ಏಪ್ರಿಲ್ ಮಧ್ಯಾಹ್ನ 300 ದಾಟುತ್ತೆ.

ಪಾಠದ ಮೇಡಂ:
ಸಿಓಟೂ ಸಿಲಿಂಡರಿನೊಳಗೆ ದ್ರವ ಇರುತ್ತದೆ, ಮೇಲೆ ಆವಿ. ಆ ಆವಿಯ ಒತ್ತಡ ಬಿಸಿಲಿಗೆ ತಕ್ಕಂತೆ ಕುಣಿಯುತ್ತದೆ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 500 ಪಿಎಸ್‌ಐ. 20 ಡಿಗ್ರಿಯಲ್ಲಿ 830 ಆಸುಪಾಸು. 30ಕ್ಕೆ 1000 ದಾಟುತ್ತದೆ. 31 ಡಿಗ್ರಿ ಮೇಲೆ ಹೋದರೆ ಅದರೊಳಗೆ ದ್ರವ ಅನ್ನೋದೇ ಉಳಿಯಲ್ಲ, ಆಮೇಲೆ ಎಷ್ಟು ತುಂಬಿದ್ದೀರಿ ಅನ್ನೋದರ ಮೇಲೆ ಒತ್ತಡ ಇನ್ನೂ ಬೇಗ ಏರುತ್ತದೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ 31 ದಾಟೋದು ಮಾಮೂಲು. ಸಿಲಿಂಡರನ್ನು ಬಿಸಿಲಲ್ಲಿ ಅಥವಾ ಕಾರಿನ ಡಿಕ್ಕಿಯಲ್ಲಿ ಇಡಲೇಬೇಡಿ. ಇದು ವೇಗದ ಮಾತಷ್ಟೇ ಅಲ್ಲ, ಸಿಲಿಂಡರಿನ ಬರ್ಸ್ಟ್ ಡಿಸ್ಕ್ (ಒತ್ತಡ ಮಿತಿಮೀರಿದರೆ ಒಡೆಯುವ ಬಿಲ್ಲೆ) ಹೋದರೆ ಪಕ್ಕದಲ್ಲಿದ್ದವರ ಗತಿ ನೋಡಿಕೊಳ್ಳಿ.

ಇದರ ಉಲ್ಟಾವೂ ಇದೆ. ಬೇಗ ಬೇಗ ಹಾರಿಸಿದರೆ ದ್ರವ ಆವಿಯಾಗಲು ಶಾಖ ಬೇಕು, ಅದನ್ನು ಸಿಲಿಂಡರಿನಿಂದಲೇ ಕಿತ್ತುಕೊಳ್ಳುತ್ತದೆ. ಸಿಲಿಂಡರ್ ತಣ್ಣಗಾಗಿ ಒತ್ತಡ ಬೀಳುತ್ತದೆ, ವೇಗ ಬೀಳುತ್ತದೆ. ಸಾಲದ್ದಕ್ಕೆ ದ್ರವವೇ ಗನ್ನಿನೊಳಗೆ ನುಗ್ಗಿದರೆ ಓರಿಂಗ್‌ಗಳು ಸೆಟೆದುಕೊಳ್ಳುತ್ತವೆ. ಕ್ರೋನೋವನ್ನು ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಮಾಡಿದರೆ ಸಿಓಟೂ ಗನ್‌ಗೆ ಸಾಲದು. ಊಟದ ಹೊತ್ತಿಗೆ ಮತ್ತೆ ಮಾಡಿ.

ಕೂರ್ಗ್ ಹುಡುಗಿ:
ನಮ್ಮ ಕಡೆ ಮಳೆಗಾಲದಲ್ಲಿ ಗುಂಡುಗಳೇ ಊದಿಕೊಳ್ಳುತ್ತವೆ. ಡಬ್ಬಿ ತೆರೆದಿಟ್ಟರೆ ಮಾರನೇ ದಿನ ಬ್ಯಾರಲಿಗೆ ಹೋಗಲ್ಲ. ಅದರಿಂದಲೂ ವೇಗ ಏರುಪೇರು ಆಗುತ್ತಾ?

ಡಲ್ಲಾಸ್ ಕನ್ನಡಿಗ:
ಖಂಡಿತ. ಹೊರಕವಚ ಜೆಲಟಿನ್, ತೇವ ಹೀರುತ್ತೆ. ಗುಂಡು ಸಡಿಲ ಇದ್ದರೆ ಪಕ್ಕದಿಂದ ಗಾಳಿ ಸೋರುತ್ತೆ, ಬಿಗಿ ಇದ್ದರೆ ಒಡೆಯುತ್ತೆ. ಕ್ರೋನೋದಲ್ಲಿ ಒಂದು ಗುಂಡಿನಿಂದ ಇನ್ನೊಂದಕ್ಕೆ ಮೂವತ್ತು ನಲವತ್ತು ವ್ಯತ್ಯಾಸ ಕಂಡರೆ ಸ್ಪ್ರಿಂಗ್ ಬಿಚ್ಚೋ ಮುಂಚೆ ಬೇರೆ ಡಬ್ಬಿ ಗುಂಡು ಹಾಕಿ ನೋಡೋದು ಒಳ್ಳೇದು.

ಸುಮ್ನೆ ಓದುಗ:
ಇಷ್ಟೆಲ್ಲ ಓದಿದ ಮೇಲೆ ಒಂದು ವಿಷಯ ಹೇಳಲೇಬೇಕು. ಪೇಂಟ್‌ಬಾಲ್‌ನ ಮೊದಲ ಆಟ 1981ರ ಜೂನ್ 27ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಅನ್ನೋ ಊರಲ್ಲಿ ನಡೀತು. ಹನ್ನೆರಡು ಜನ. ಕೈಯಲ್ಲಿ ನೆಲ್‌ಸ್ಪಾಟ್ 007, ಮರಗಳಿಗೂ ದನಗಳಿಗೂ ಗುರುತು ಹಾಕೋಕೆ ಮಾಡಿದ್ದ ಗನ್. ಗೆದ್ದವನು ರಿಚಿ ವೈಟ್, ಕಾಡಿನ ಕೆಲಸದವನು. ಒಂದು ಗುಂಡೂ ಹಾರಿಸದೆ ಎಲ್ಲ ಬಾವುಟ ಎತ್ಕೊಂಡು ಬಂದ. ಹೈ ಪವರ್ ಸ್ಪ್ರಿಂಗ್ ಬೇಕು ಅನ್ನೋರಿಗೆ ಇದನ್ನು ಫಾರ್ವರ್ಡ್ ಮಾಡಿ.

ಪಾಠದ ಮೇಡಂ:
ಇವರೂ ಒಂದು ಕೆಲಸದ ಮಾತು ಆಡಿದರು ಅಂತಾಯ್ತು :)

ಮಂಜು ಅವರೇ, ಈಗ ಮಾಡಬೇಕಾದ್ದು ಹೇಳ್ತೀನಿ. ಟ್ಯಾಂಕ್ ಬಿಚ್ಚಿ, ಒಳಗೆ ಉಳಿದ ಗಾಳಿ ಹೊರಹಾಕಿ, ಗುಂಡು ತುಂಬುವ ಹಾಪರ್ ತೆಗೆದು, ಮಾಸ್ಕ್ ಹಾಕಿಕೊಂಡೇ ಗನ್ ಬಿಚ್ಚಿ. ಹಳೇ ಮೇನ್ ಸ್ಪ್ರಿಂಗ್ ವಾಪಸ್ ಹಾಕಿ. ರೇರ್ ಬೋಲ್ಟ್ ಓರಿಂಗ್ ಬದಲಾಯಿಸಿ, ಪೇಂಟ್‌ಬಾಲ್ ಗನ್ನಿನ ಎಣ್ಣೆ ಒಂದೆರಡು ಹನಿ ಬಿಡಿ. ಗ್ಯಾರೇಜಿನ ಸ್ಪ್ರೇ ಎಣ್ಣೆ ಬೇಡ, ಸೀಲ್ ಹಾಳಾಗುತ್ತದೆ. ಗಾಳಿ ತುಂಬುವ ನಿಪ್ಪಲ್ ಹತ್ತಿರ ಮಾತ್ರ ಯಾವ ಎಣ್ಣೆಯೂ ಗ್ರೀಸೂ ಸುಳಿಯಬಾರದು. ಅಷ್ಟು ಒತ್ತಡದ ಗಾಳಿ ರಭಸದಿಂದ ನುಗ್ಗಿದಾಗ ಎಣ್ಣೆ ಹೊತ್ತಿಕೊಳ್ಳಬಹುದು.

ಆಮೇಲೆ ವೇಗದ ಸ್ಕ್ರೂವನ್ನು ಹೊರಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಕ್ರೋನೋ ನೋಡಿ. 270, 280ಕ್ಕೆ ನಿಲ್ಲಿಸಿ. ಗೇಜ್ 1000ಕ್ಕೆ ಬಂದ ಕೂಡಲೇ ಟ್ಯಾಂಕ್ ಬದಲಿಸಿ, 700ರ ತನಕ ಕಾಯಬೇಡಿ.

ಮೈದಾನದ ಮಂಜ:
ಇವತ್ತು ಮೂರು ಗನ್ ಮುಗಿಸಿದೆ. ಹಳೇ ಸ್ಪ್ರಿಂಗ್, ಹೊಸ ಓರಿಂಗ್. ಹಳೇ ಓರಿಂಗ್ ತೆಗೆದರೆ ಒಂದು ಕಡೆ ಚಪ್ಪಟೆಯಾಗಿ, ಬ್ಲೇಡಲ್ಲಿ ಕುಯ್ದ ಹಾಗಿತ್ತು. ಸ್ಕ್ರೂ ಹೊರಗೆ ತಿರುಗಿಸಿದ ಮೇಲೆ ವೇಗ 275, 280ರ ನಡುವೆ ನಿಂತಿದೆ. ಹಳೇ ಸ್ಪ್ರಿಂಗಲ್ಲೇ! ಒಂದು ಟ್ಯಾಂಕನ್ನು ಬೇಕಂತಲೇ ಖಾಲಿ ಮೈದಾನದಲ್ಲಿ 650 ತನಕ ಇಳಿಸಿದೆ. ವೇಗ ಬಿತ್ತು, ಡರ್ರ್ ಬರಲಿಲ್ಲ.

ಒಂದು ಗನ್ ಮಾತ್ರ ಬೇರೆ ತೊಂದರೆ ಕೊಡ್ತಿದೆ. ಟ್ಯಾಂಕ್ ತಿರುಗಿಸುತ್ತಿದ್ದ ಹಾಗೇ ಬ್ಯಾರಲಿನಿಂದ ಸೊಂಯ್ ಅಂತ ಗಾಳಿ ಹೋಗುತ್ತೆ. ಕಪ್ ಸೀಲ್ ಹೋಗಿದೆಯಾ?

ಡಲ್ಲಾಸ್ ಕನ್ನಡಿಗ:
ಟ್ಯಾಂಕ್ ಹಾಕೋ ಮುಂಚೆ ಗನ್ ಕಾಕ್ ಮಾಡಿದ್ರಾ?

ಮೈದಾನದ ಮಂಜ:
ಇಲ್ಲ. ಮಾಡ್ಬೇಕಾ?

ಪಾಠದ ಮೇಡಂ:
ಮಾಡಬೇಕು. ಕಾಕ್ ಮಾಡದಿದ್ದರೆ ರೇರ್ ಬೋಲ್ಟ್ ಮೇನ್ ಸ್ಪ್ರಿಂಗ್ ಒತ್ತಿಗೆ ಪಿನ್ನಿಗೆ ಆತುಕೊಂಡೇ ಇರುತ್ತದೆ. ಒಳಗೆ ಇನ್ನೂ ಒತ್ತಡ ಕಟ್ಟಿಲ್ಲ, ಪಾಪ, ವಾಲ್ವ್ ಸ್ಪ್ರಿಂಗ್ ಒಂದೇ ಆ ದೊಡ್ಡ ಸ್ಪ್ರಿಂಗನ್ನು ತಡೆಯಲಾರದು. ಬಾಗಿಲು ಅರೆ ತೆರೆದೇ ಇರುತ್ತದೆ, ಬಂದ ಗಾಳಿ ಬಂದ ಹಾಗೇ ಹೊರಗೆ. ಕಾಕ್ ಮಾಡಿ, ಸೇಫ್ಟಿ ಹಾಕಿ, ಬ್ಯಾರಲಿಗೆ ಕವರ್ ಹಾಕಿ, ಆಮೇಲೆ ಟ್ಯಾಂಕ್ ತಿರುಗಿಸಿ. ಆಗಲೂ ಸೋರಿದರೆ ಕಪ್ ಸೀಲ್ ಅಥವಾ ಸೀಟು ನೋಡಬೇಕು. ಎಷ್ಟೋ ಸಲ ಸೀಟಿನ ಮೇಲೆ ಒಂದು ಮರಳಿನ ಕಣ ಕೂತಿರುತ್ತದೆ ಅಷ್ಟೇ.

ಪೀಣ್ಯ ಲೇತ್:
ಸೀಟಿನ ಮೇಲೆ ಗೀರು ಇದ್ದರೆ ಎಮರಿ ಹಾಕಿ ತಿಕ್ಕೋಕೆ ಹೋಗಬೇಡಿ. ಕೈಯಲ್ಲಿ ತಿಕ್ಕಿದ ಸೀಟು ದುಂಡಗೆ ಉಳಿಯಲ್ಲ.

ಮೈದಾನದ ಮಂಜ:
ಕಾಕ್ ಮಾಡಿ ಹಾಕಿದೆ. ಸೊಂಯ್ ನಿಂತಿತು. ಓನರ್ ಈಗ ಮಿಕ್ಕ ದಪ್ಪ ಸ್ಪ್ರಿಂಗ್‌ಗಳನ್ನು ವಾಪಸ್ ಕೊಡೋಕೆ ಆಗುತ್ತಾ ಅಂತ ಕೇಳ್ತಿದ್ದಾರೆ. ಬಿಲ್ ಹುಡುಕ್ತಿದ್ದೀನಿ.